ಲ್ಯಾಪ್‌ಟಾಪ್ ಚಾರ್ಜರ್ ಸದಾ ಸಿಕ್ಕಿಸಿಯೇ ಇಡಬಹುದಾ?

ನನ್ನ ಹಳೇ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಒಂದು ದಿನ ಕ್ಲಿಕ್ ಆಗುವುದನ್ನೇ ನಿಲ್ಲಿಸಿತು. ಧೂಳು ಸೇರಿಕೊಂಡಿರಬೇಕು ಅಂತ ಊದಿದೆ, ಒರೆಸಿದೆ, ಅದರ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಎರಡು ದಿನ ಕಳೆದ ಮೇಲೆ ಟೈಪ್ ಮಾಡುವಾಗ ಗಮನಿಸಿದೆ, ಇಡೀ ಮೆಷಿನ್ ಕಾಲು ಸಮ ಇಲ್ಲದ ಕುರ್ಚಿ ಥರ ಅಲುಗಾಡುತ್ತಿದೆ. ತಿರುಗಿಸಿ ನೋಡಿದರೆ ತಳದ ಪ್ಲೇಟ್ ನಡುವೆ ಉಬ್ಬಿಕೊಂಡಿದೆ. ಒಳಗೆ ಬ್ಯಾಟರಿ ಊದಿಕೊಂಡು ಮೇಲೆ ಟಚ್‌ಪ್ಯಾಡನ್ನೂ ಕೆಳಗೆ ತಳವನ್ನೂ ಒತ್ತುತ್ತಿತ್ತು.

ಮೂರು ವರ್ಷ ಅದನ್ನು ನಾನು ಡೆಸ್ಕ್‌ಟಾಪ್ ಥರ ಬಳಸಿದ್ದೆ. ಒಂದೇ ಮೇಜು, ಒಂದೇ ಜಾಗ, ಚಾರ್ಜರ್ ಹಗಲೂ ರಾತ್ರಿ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ. ಬ್ಯಾಟರಿ ಯಾವಾಗ ನೋಡಿದರೂ 100%. ತಳ ಯಾವಾಗ ಮುಟ್ಟಿದರೂ ಬಿಸಿ. ಬ್ಯಾಟರಿಗೆ ಕೆಲಸವೇ ಇಲ್ಲ, ಆರಾಮಾಗಿದೆ ಅಂತ ನಾನು ಅಂದುಕೊಂಡಿದ್ದೆ.

ಚಾರ್ಜಿಂಗ್ ಬಗ್ಗೆ ಯಾರನ್ನಾದರೂ ಕೇಳಿ ನೋಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಒಬ್ಬರು ಚಾರ್ಜರ್ ತೆಗೆಯಲೇಬೇಡಿ, ಸೈಕಲ್ (ಬ್ಯಾಟರಿ ಖರ್ಚಾಗಿ ಮತ್ತೆ ತುಂಬುವ ಸುತ್ತು) ಉಳಿಯುತ್ತದೆ ಅಂತಾರೆ. ಇನ್ನೊಬ್ಬರು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿ ಅಂತಾರೆ. ಮತ್ತೊಬ್ಬರು 20ಕ್ಕೆ ಹಾಕಿ 80ಕ್ಕೆ ತೆಗೆಯಿರಿ ಅಂತಾರೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಹಳೇ ಕಾಲದ ಮಾತು. ಮೂರನೆಯದು ನಿಜವೇ, ಆದರೆ ದಿನವಿಡೀ ಪರ್ಸೆಂಟೇಜ್ ಕಾಯುತ್ತಾ ಕೂರುವುದು ಮನುಷ್ಯರು ಮಾಡುವ ಕೆಲಸ ಅಲ್ಲ. ಅದನ್ನು ಮೆಷಿನ್‌ಗೇ ಒಪ್ಪಿಸಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಈ ಬ್ಯಾಟರಿಗಳಿಗೆ ಮುಖ್ಯವಾಗಿ ಆಗಿಬರದಿರುವುದು ಎರಡು: ಬಿಸಿ, ಮತ್ತು ಹೊಟ್ಟೆ ತುಂಬಾ ತುಂಬಿಕೊಂಡು ದಿನಗಟ್ಟಲೆ ಹಾಗೇ ಕೂರುವುದು. ನಾನು ಮೂರು ವರ್ಷ ಎರಡನ್ನೂ ಒಟ್ಟಿಗೆ ಕೊಟ್ಟಿದ್ದೆ.

ಬ್ಯಾಟರಿ ಯಾಕೆ ಸವೆಯುತ್ತದೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. ಮೇಲೆ ಲಿಥಿಯಂ ಪಾಲಿಮರ್ ಅಂತ ಬರೆದಿದ್ದರೂ ಹೆಚ್ಚುಕಡಿಮೆ ಅದೇ ಕಥೆ. ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟ್‌ನಂಥ ಲೋಹದ ಆಕ್ಸೈಡ್, ನಡುವೆ ಅಯಾನ್‌ಗಳು ಓಡಾಡಲು ದಾರಿ ಕೊಡುವ ಎಲೆಕ್ಟ್ರೋಲೈಟ್. ಚಾರ್ಜ್ ಮಾಡುವಾಗ ಲಿಥಿಯಂ ಅಯಾನ್‌ಗಳು ಹೋಗಿ ಗ್ರಾಫೈಟ್ ಪದರಗಳ ಸಂದಿಯಲ್ಲಿ ಕೂರುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ಈ ಓಡಾಟದಲ್ಲಿ ಚೂರು ಚೂರು ಲಿಥಿಯಂ ಗ್ರಾಫೈಟ್ ಮೇಲಿನ ತೆಳುವಾದ ಒಂದು ಪದರದಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿದುಬಿಡುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಹಾಗೆ. ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಅಷ್ಟರ ಮಟ್ಟಿಗೆ ಬ್ಯಾಟರಿ ಚಿಕ್ಕದಾಯಿತು ಅಂತಲೇ ಲೆಕ್ಕ.

ಇದು ಬಳಸಿದರೂ ನಡೆಯುತ್ತದೆ, ಬಳಸದೆ ಸುಮ್ನೆ ಇಟ್ಟರೂ ನಡೆಯುತ್ತದೆ. ಎಷ್ಟು ಬೇಗ ನಡೆಯುತ್ತದೆ ಅನ್ನೋದು ಮಾತ್ರ ನಮ್ಮ ಕೈಯಲ್ಲಿ ಸ್ವಲ್ಪ ಇದೆ. ಬ್ಯಾಟರಿಯೊಳಗಿನ ಒಂದು ಸೆಲ್ ಖಾಲಿಯಾದಾಗ ಸುಮಾರು 3 ವೋಲ್ಟ್ ಇದ್ದರೆ, ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಕೆಲವು ಸೆಲ್‌ಗಳಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ವೋಲ್ಟೇಜ್ ಮೇಲಿದ್ದಷ್ಟೂ ಎಲೆಕ್ಟ್ರೋಲೈಟ್ ಬೇಗ ಕೆಡುತ್ತದೆ. ಬಿಸಿ ಸೇರಿದರೆ ಇನ್ನೂ ಬೇಗ.

ಬ್ಯಾಟರಿ ಯೂನಿವರ್ಸಿಟಿ ಎಂಬ ತಾಣದಲ್ಲಿ ಇದಕ್ಕೆ ಒಂದು ಪಟ್ಟಿ ಇದೆ, ಈ ವಿಷಯ ಬಂದಾಗಲೆಲ್ಲ ಜನ ಅದನ್ನೇ ತೋರಿಸುತ್ತಾರೆ. ಬ್ಯಾಟರಿಯನ್ನು 40% ಚಾರ್ಜ್‌ನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಸುಮ್ನೆ ಇಟ್ಟರೆ ಅದರ ಸಾಮರ್ಥ್ಯದಲ್ಲಿ ಸುಮಾರು 96% ಉಳಿಯುತ್ತದೆ. ಅದೇ ತಾಪಮಾನದಲ್ಲಿ 100% ತುಂಬಿಸಿ ಇಟ್ಟರೆ ಸುಮಾರು 80%. ತುಂಬಿಸಿ, 40 ಡಿಗ್ರಿಯಲ್ಲಿ ಇಟ್ಟರೆ ಸುಮಾರು 65%. ಒಂದು ಸಲವೂ ಬಳಸದೆ ಮೂರನೇ ಒಂದು ಭಾಗ ಹೋಯಿತು! ಎಲ್ಲ ಬ್ಯಾಟರಿಗೂ ಅಂಕಿ ಇಷ್ಟೇ ಇರುತ್ತದೆ ಅಂತಲ್ಲ, ಆದರೆ ಯಾವ ಕಡೆಗೆ ವಾಲುತ್ತದೆ ಅನ್ನೋದು ಗೊತ್ತಾಗುತ್ತದೆ. ಮತ್ತೆ 40 ಡಿಗ್ರಿ ಅಂದರೆ ಏನೋ ಕುಲುಮೆ ಅಂದುಕೊಳ್ಳಬೇಡಿ. ಜೋರಾಗಿ ಕೆಲಸ ಮಾಡುತ್ತಿರುವ ಲ್ಯಾಪ್‌ಟಾಪ್ ಒಳಗೆ ಅಷ್ಟು ಆಗುವುದು ಮಾಮೂಲು.

ಪೂರ್ತಿ ಖಾಲಿ ಮಾಡಿ ಅನ್ನೋ ಸಲಹೆ ಎಲ್ಲಿಂದ ಬಂತು

ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳಿಂದ. ಅವುಗಳಿಗೆ ಮೆಮೊರಿ ಎಫೆಕ್ಟ್ ಅನ್ನೋ ಕಾಟ ಇತ್ತು. ಅರ್ಧ ಖಾಲಿಯಾದಾಗಲೇ ಪದೇ ಪದೇ ಚಾರ್ಜ್ ಮಾಡಿದರೆ ಅವು ಆ ಅರ್ಧಕ್ಕೇ ಒಗ್ಗಿಹೋಗುತ್ತಿದ್ದವು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, ನಿಧಾನವಾಗಿ ಲ್ಯಾಪ್‌ಟಾಪ್‌ಗಳೆಲ್ಲ ಅದಕ್ಕೆ ಬದಲಾದವು, ಇದನ್ನು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಕೂಡ ಬಂತು. ಬ್ಯಾಟರಿ ಬದಲಾಯಿತು, ಸಲಹೆ ಮಾತ್ರ ಬದಲಾಗಲಿಲ್ಲ. ಲಿಥಿಯಂ ಬ್ಯಾಟರಿಯನ್ನು ಪ್ರತಿ ಸಲ ಸೊನ್ನೆಗೆ ಇಳಿಸುವುದರಿಂದ ಲಾಭ ಇಲ್ಲ, ನಷ್ಟ ಇದೆ. 45%ಗೆ ಹಾಕಿ 70%ಗೆ ತೆಗೆದರೆ ಅದಕ್ಕೆ ಏನೂ ಬೇಜಾರಿಲ್ಲ.

ಇನ್ನೊಂದು ಭಯ ಓವರ್‌ಚಾರ್ಜ್. ರಾತ್ರಿಯೆಲ್ಲ ಹಾಕಿಟ್ಟರೆ ಕರೆಂಟ್ ತುಂಬಿ ತುಂಬಿ ಚೆಲ್ಲುತ್ತದಾ ಅಂತ. ಇಲ್ಲ. ಕೊಡ ತುಂಬುತ್ತಾ ಬಂದಾಗ ನಾವು ನಲ್ಲಿ ಸಣ್ಣ ಮಾಡುತ್ತೀವಲ್ಲ, ಚಾರ್ಜಿಂಗ್ ಸರ್ಕ್ಯೂಟ್ ಕೂಡ ಹಾಗೇ ಮಾಡುತ್ತದೆ. ಮೊದಲು ಜೋರಾಗಿ ತುಂಬಿಸುತ್ತದೆ, ಕೊನೆಯ ಭಾಗಕ್ಕೆ ಬಂದಾಗ ಕರೆಂಟ್ ಕಡಿಮೆ ಮಾಡುತ್ತಾ ಹೋಗುತ್ತದೆ, ತುಂಬಿದ ಮೇಲೆ ನಿಲ್ಲಿಸಿಬಿಡುತ್ತದೆ. ಕೊನೆಯ 20% ಅಷ್ಟು ನಿಧಾನ ಆಗುವುದು ಇದಕ್ಕೇ. ಆಮೇಲೆ ಚಾರ್ಜರ್ ಸಿಕ್ಕಿಸಿಯೇ ಇದ್ದರೆ ಲ್ಯಾಪ್‌ಟಾಪ್ ನೇರ ಅಡಾಪ್ಟರ್‌ನಿಂದ ನಡೆಯುತ್ತದೆ, ಬ್ಯಾಟರಿ ಪಕ್ಕದಲ್ಲಿ ಸುಮ್ನೆ ಕೂತಿರುತ್ತದೆ. ತೊಂದರೆ ಇರುವುದು ಆ ಕೂರುವುದರಲ್ಲೇ. ತುಂಬಿದ ವೋಲ್ಟೇಜ್‌ನಲ್ಲಿ, ಬಿಸಿ ಪ್ರೊಸೆಸರ್ ಪಕ್ಕದಲ್ಲಿ, ವಾರಗಟ್ಟಲೆ.

ಸೈಕಲ್ ಲೆಕ್ಕ

ಚಾರ್ಜರ್ ಒಂದು ಸಲ ಸಿಕ್ಕಿಸಿದರೆ ಒಂದು ಸೈಕಲ್ ಅಲ್ಲ. ಒಟ್ಟು 100% ಬಳಸಿದಾಗ ಒಂದು ಸೈಕಲ್. ಇವತ್ತು 40% ಖರ್ಚು ಮಾಡಿ ತುಂಬಿಸಿದಿರಿ, ನಾಳೆ 60% ಖರ್ಚು ಮಾಡಿದಿರಿ, ಎರಡೂ ಸೇರಿ ಒಂದು. ಈಗಿನ ಮ್ಯಾಕ್‌ಬುಕ್‌ಗಳಿಗೆ ಆಪಲ್ 1000 ಸೈಕಲ್ ಅಂತ ಹೇಳುತ್ತದೆ. ಬೇರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ 300ರಿಂದ 500. ಆ ಸಂಖ್ಯೆ ದಾಟಿದ ದಿನ ಬ್ಯಾಟರಿ ಸಾಯುವುದಿಲ್ಲ, ಅಷ್ಟು ಹೊತ್ತಿಗೆ ಮೂಲ ಸಾಮರ್ಥ್ಯದ 80%ನಷ್ಟು ಉಳಿದಿರಬೇಕು ಅನ್ನೋ ಅಂದಾಜು ಅದು.

ನಿಮ್ಮ ಬ್ಯಾಟರಿ ಈಗ ಹೇಗಿದೆ, ನೋಡಿಕೊಳ್ಳಿ

ವಿಂಡೋಸ್‌ನಲ್ಲಿ ಇದಕ್ಕೆ ಬೇರೆ ಯಾವ ಸಾಫ್ಟ್‌ವೇರೂ ಬೇಡ. ಸ್ಟಾರ್ಟ್ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್ ಅಂತ ಬರೆದು, ಜಾಗ ಬಿಡದೆ ಸಿ, ಎಫ್, ಜಿ ಸೇರಿಸಿ. ಈಗ ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಬ್ಯಾಟರಿ ರಿಪೋರ್ಟ್ ಅನ್ನೋದನ್ನು ಒಂದೇ ಪದವಾಗಿ ಹೊಡೆದು ಎಂಟರ್ ಒತ್ತಿ. ಫೈಲ್ ಎಲ್ಲಿ ಸೇವ್ ಆಯಿತು ಅಂತ ಅದೇ ತೋರಿಸುತ್ತದೆ, ಬ್ರೌಸರ್‌ನಲ್ಲಿ ತೆರೆಯಿರಿ.

ಉದ್ದ ಪುಟ, ಹೆದರಬೇಡಿ. ಮೂರು ಸಾಲು ಸಾಕು: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ, ಸೈಕಲ್ ಕೌಂಟ್. ಮೊದಲನೆಯದು ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು ಅಂತ, ಎರಡನೆಯದು ಈಗ ಎಷ್ಟು ಹಿಡಿಯುತ್ತದೆ ಅಂತ. ಡಿಸೈನ್ 50,000 ಇದ್ದು ಫುಲ್ ಚಾರ್ಜ್ 41,000 ಇದೆ ಅಂದುಕೊಳ್ಳಿ. 41ನ್ನು 50ರಿಂದ ಭಾಗಿಸಿದರೆ 82%. ಎರಡು ಮೂರು ವರ್ಷದ ಲ್ಯಾಪ್‌ಟಾಪ್‌ಗೆ ಇದು ಚೆನ್ನಾಗಿಯೇ ಇದೆ. 60ಕ್ಕಿಂತ ಕೆಳಗಿದ್ದರೆ ಚಾರ್ಜ್ ನಿಲ್ಲುತ್ತಿಲ್ಲ ಅಂತ ನಿಮಗೇ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಆ ಸಂಖ್ಯೆ ಮಿಲಿವ್ಯಾಟ್ ಅವರ್‌ನಲ್ಲಿ ಇರುತ್ತದೆ. 50,000 ಅಂದರೆ 50 ವ್ಯಾಟ್ ಅವರ್. ಲ್ಯಾಪ್‌ಟಾಪ್ ಬರೆಯುವ, ಓದುವ ಕೆಲಸಕ್ಕೆ 10 ವ್ಯಾಟ್ ಎಳೆಯುತ್ತಿದ್ದರೆ ಐದು ಗಂಟೆ ಬರುತ್ತದೆ, ವಿಡಿಯೊ ಎಡಿಟಿಂಗ್‌ಗೆ ಕೂತು 40 ವ್ಯಾಟ್ ಎಳೆದರೆ ಒಂದೂಕಾಲು ಗಂಟೆ. ಮೊದಲು ಐದು ಗಂಟೆ ಬರ್ತಿತ್ತು ಈಗ ಎರಡೇ ಬರ್ತಿದೆ ಅನ್ನುವವರು ಬ್ಯಾಟರಿ ಬೈಯುವ ಮೊದಲು ಈ ಲೆಕ್ಕ ಹಾಕಿ. ರಿಪೋರ್ಟ್‌ನಲ್ಲಿ ಬ್ಯಾಟರಿ 85% ಇದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಹಿಂದೆ ಓಡುತ್ತಿರುವ ಯಾವುದೋ ಪ್ರೋಗ್ರಾಂದು, ಅಥವಾ ಪೂರ್ತಿ ಹೆಚ್ಚಿಸಿಟ್ಟ ಸ್ಕ್ರೀನ್ ಬ್ರೈಟ್‌ನೆಸ್‌ದು.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿಗೆ ಹೋದರೆ ಬ್ಯಾಟರಿ ಹೆಲ್ತ್ ಸಿಗುತ್ತದೆ. ಸೈಕಲ್ ಕೌಂಟ್ ಬೇಕಿದ್ದರೆ ಸಿಸ್ಟಮ್ ಇನ್ಫರ್ಮೇಶನ್‌ನ ಪವರ್ ವಿಭಾಗದಲ್ಲಿದೆ. ಲಿನಕ್ಸ್ ಬಳಸುವವರಿಗೆ ಯುಪವರ್ (upower) ಕಮಾಂಡ್ ಗೊತ್ತೇ ಇರುತ್ತದೆ.

ಈಗ ಮಾಡಬೇಕಾದ ಕೆಲಸ: ಮಿತಿ ಹಾಕಿ ಮರೆತುಬಿಡಿ

ಈ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಈಚಿನ ವರ್ಷಗಳ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜಿಂಗ್ 80%ಗೆ ನಿಲ್ಲುವಂತೆ ಹೇಳುವ ಸೆಟ್ಟಿಂಗ್ ಇರುತ್ತದೆ. ಒಂದು ಸಲ ಹಾಕಿಬಿಟ್ಟರೆ ಚಾರ್ಜರ್ ದಿನವಿಡೀ ಸಿಕ್ಕಿಸಿದ್ದರೂ ಬ್ಯಾಟರಿ 80ರ ಆಸುಪಾಸಿನಲ್ಲೇ ಇರುತ್ತದೆ. 20ಕ್ಕೆ ಹಾಕು, 80ಕ್ಕೆ ತೆಗೆ ಅನ್ನೋ ಕಾವಲು ಕೆಲಸ ಅಲ್ಲಿಗೆ ಮುಗಿಯಿತು.

ಕಷ್ಟ ಏನಪ್ಪಾ ಅಂದರೆ ಒಂದೊಂದು ಕಂಪನಿಯೂ ಇದಕ್ಕೆ ಒಂದೊಂದು ಹೆಸರಿಟ್ಟು ಒಂದೊಂದು ಕಡೆ ಬಚ್ಚಿಟ್ಟಿದೆ. ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪ್ ಒಳಗೆ ಕನ್ಸರ್ವೇಶನ್ ಮೋಡ್ ಅಂತ ಹುಡುಕಿ. ಥಿಂಕ್‌ಪ್ಯಾಡ್ ಆದರೆ ಎಷ್ಟಕ್ಕೆ ಶುರು ಆಗಬೇಕು, ಎಷ್ಟಕ್ಕೆ ನಿಲ್ಲಬೇಕು ಅಂತ ಎರಡನ್ನೂ ನೀವೇ ಹೇಳಬಹುದು. ಆಸುಸ್‌ನಲ್ಲಿ ಮೈಆಸುಸ್ ಆ್ಯಪ್‌ನ ಬ್ಯಾಟರಿ ವಿಭಾಗ ನೋಡಿ. ಡೆಲ್‌ನಲ್ಲಿ ಅದರದ್ದೇ ಪವರ್ ಆ್ಯಪ್ ಅಥವಾ ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) ಒಳಗೆ, ಪ್ರೈಮರಿಲಿ ಎಸಿ ಯೂಸ್ ಅಥವಾ ಕಸ್ಟಮ್ ಅಂತ ಇರುತ್ತದೆ. ಎಚ್‌ಪಿಯ ಆಫೀಸ್ ಮಾಡೆಲ್‌ಗಳಲ್ಲಿ ಬಯೋಸ್‌ನಲ್ಲಿ ಬ್ಯಾಟರಿ ಹೆಲ್ತ್ ಮ್ಯಾನೇಜರ್ ಇದೆ, ಅದರಲ್ಲಿ ಮ್ಯಾಕ್ಸಿಮೈಜ್ ಮೈ ಬ್ಯಾಟರಿ ಹೆಲ್ತ್ ಆರಿಸಿ. ಮ್ಯಾಕ್‌ನಲ್ಲಿ ಆಪ್ಟಿಮೈಜ್ಡ್ ಬ್ಯಾಟರಿ ಚಾರ್ಜಿಂಗ್ ನಿಮ್ಮ ದಿನಚರಿ ನೋಡಿಕೊಂಡು ತಾನೇ 80ರ ಹತ್ತಿರ ತಡೆದು ನಿಲ್ಲಿಸುತ್ತದೆ. ಅದನ್ನು ಆಫ್ ಮಾಡಬೇಡಿ. ಲಿನಕ್ಸ್‌ನಲ್ಲಿ ಗ್ನೋಮ್ 48ರಿಂದ, ಕೆಡಿಇ ಪ್ಲಾಸ್ಮಾದಲ್ಲೂ, ಹಾರ್ಡ್‌ವೇರ್ ಒಪ್ಪಿದರೆ ಪವರ್ ಸೆಟ್ಟಿಂಗ್ಸ್ ಒಳಗೇ ಸಿಗುತ್ತದೆ.

60% ಆಯ್ಕೆಯೂ ಕೆಲವು ಕಡೆ ಇರುತ್ತದೆ. ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದೇ ಇಲ್ಲ ಅನ್ನುವವರಿಗೆ ಅದೇ ಒಳ್ಳೇದು. ಆಗಾಗ ಎತ್ತಿಕೊಂಡು ಹೋಗುವವರಿಗೆ 80 ಸಾಕು. ಪ್ರಯಾಣ ಇದ್ದರೆ ಮಿತಿ ತೆಗೆದು 100 ಮಾಡಿಕೊಂಡು ಹೋಗಿ, ಏನೂ ಪಾಪ ಇಲ್ಲ. ತುಂಬಿಸಿ ಬಳಸಿದರೆ ತೊಂದರೆ ಇಲ್ಲ, ತುಂಬಿಸಿ ವಾರಗಟ್ಟಲೆ ಹಾಗೇ ಇಡಬಾರದು ಅಷ್ಟೇ.

ನಿಮ್ಮ ಮಾಡೆಲ್‌ನಲ್ಲಿ ಈ ಸೆಟ್ಟಿಂಗ್ ಇಲ್ವಾ? ಹಾಗಾದರೆ ಚಾರ್ಜರ್ ಸ್ವಿಚ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು ಹಾಕಿ, ಮಿಕ್ಕಿದ್ದು ಬ್ಯಾಟರಿ ಮೇಲೆ ನಡೆಸಿ. 83ಕ್ಕೆ ತೆಗೆದಿರೋ 91ಕ್ಕೆ ತೆಗೆದಿರೋ ತಲೆ ಕೆಡಿಸಿಕೊಳ್ಳಬೇಡಿ.

ಬಿಸಿ

ಪರ್ಸೆಂಟೇಜ್ ಬಗ್ಗೆ ಅಷ್ಟು ಯೋಚಿಸುವವರು ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಸಿನಿಮಾ ನೋಡುತ್ತಿರುತ್ತಾರೆ. ಗಾಳಿ ಎಳೆಯುವ ಕಿಂಡಿಗಳು ಹೆಚ್ಚಾಗಿ ತಳದಲ್ಲೇ ಇರುತ್ತವೆ, ಹಾಸಿಗೆ ಅದನ್ನು ಪೂರ್ತಿ ಮುಚ್ಚುತ್ತದೆ. ಒಂದು ಗಟ್ಟಿ ಹಲಗೆ, ಅಗಲವಾದ ಪುಸ್ತಕ, ಏನಾದರೂ ಕೆಳಗಿಟ್ಟುಕೊಳ್ಳಿ. ಹಿಂಭಾಗ ಒಂದು ಬೆರಳಿನಷ್ಟು ಎತ್ತಿದರೂ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಕಿಂಡಿಯಲ್ಲಿ ಧೂಳು ಕಟ್ಟಿದ್ದರೆ ತೆಗೆಸಿ.

ಗೇಮ್ ಆಡುತ್ತಾ ಚಾರ್ಜ್ ಮಾಡುವುದು ಜೋಡಿ ಬಿಸಿ: ಪ್ರೊಸೆಸರ್‌ದು ಒಂದು, ಚಾರ್ಜಿಂಗ್‌ದು ಇನ್ನೊಂದು. ಮೊದಲೇ 80ಕ್ಕೆ ತುಂಬಿ ನಿಂತಿದ್ದರೆ ಎರಡನೇ ಬಿಸಿ ಇರುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಚಾಲೂ ಇರುವ ಲ್ಯಾಪ್‌ಟಾಪನ್ನು ಹಾಗೇ ಬ್ಯಾಗ್‌ಗೆ ತುರುಕುವುದೂ ಅಷ್ಟೇ. ಮುಚ್ಚಿದರೂ ಕೆಲವು ಸಲ ನಿದ್ದೆಗೆ ಹೋಗಿರುವುದಿಲ್ಲ, ತೆಗೆದಾಗ ಕಾವಲಿ ಥರ ಸುಡುತ್ತಿರುತ್ತದೆ.

ಚಳಿಯೂ ಕೆಟ್ಟದ್ದೇ, ಬೇರೆ ರೀತಿಯಲ್ಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಅಂಟಿಕೊಳ್ಳಬಹುದು. ಕೊರೆಯುವ ಚಳಿಯಿಂದ ತಂದ ಲ್ಯಾಪ್‌ಟಾಪ್ ಕೋಣೆಯ ಬಿಸಿಗೆ ಬರುವವರೆಗೆ ಕಾದು ಚಾರ್ಜ್‌ಗೆ ಹಾಕಿ.

ಸಣ್ಣಪುಟ್ಟ ಪ್ರಶ್ನೆಗಳು

30% ತೋರಿಸುತ್ತಿದ್ದದ್ದು ದಿಢೀರ್ ಅಂತ ಆಫ್ ಆಗುತ್ತದಾ? ಬ್ಯಾಟರಿ ಮುದಿಯಾಗಿರಬಹುದು, ಅಥವಾ ಅದರ ಅಳತೆ ತಪ್ಪಿರಬಹುದು. ಒಳಗಿನ ಚಿಪ್ ಒಳಗೆ ಹೋದ, ಹೊರಗೆ ಬಂದ ಕರೆಂಟ್ ಎಣಿಸಿ ಪರ್ಸೆಂಟೇಜ್ ಹೇಳುತ್ತದೆ, ಬಹಳ ದಿನ 60 - 80ರ ನಡುವೆಯೇ ಆಡುತ್ತಿದ್ದರೆ ಲೆಕ್ಕ ಜಾರುತ್ತದೆ. ಒಮ್ಮೆ 100ಕ್ಕೆ ತುಂಬಿಸಿ, ತಾನಾಗಿ ಆಫ್ ಆಗುವವರೆಗೆ ಬಳಸಿ, ಮತ್ತೆ ತುಂಬಿಸಿ. ಇದರಿಂದ ಸರಿಯಾಗುವುದು ಮೀಟರ್ ಮಾತ್ರ, ಬ್ಯಾಟರಿ ಚಿಗುರುವುದಿಲ್ಲ. ಹಾಗಾಗಿ ಮೀಟರ್ ಸುಳ್ಳು ಹೇಳುತ್ತಿದೆ ಅನಿಸಿದಾಗ ಮಾತ್ರ ಮಾಡಿ.

ತಿಂಗಳುಗಟ್ಟಲೆ ಬಳಸದೆ ಎತ್ತಿಡುವುದಿದ್ದರೆ 50%ನಷ್ಟು ಇಟ್ಟು, ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ ತಂಪು ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಸೊನ್ನೆಯಲ್ಲಿ ಎತ್ತಿಟ್ಟ ಬ್ಯಾಟರಿ ತಾನಾಗಿಯೇ ಇನ್ನೂ ಕೆಳಗೆ ಇಳಿದು, ಮತ್ತೆ ಏಳದೆಯೇ ಹೋಗಬಹುದು.

ಬೇರೆ ಟೈಪ್ ಸಿ ಚಾರ್ಜರ್ ಹಾಕಬಹುದಾ? ಪವರ್ ಡೆಲಿವರಿ ಅನ್ನೋ ಚಾರ್ಜಿಂಗ್ ವ್ಯವಸ್ಥೆ ಇರುವ ಒಳ್ಳೇ ಚಾರ್ಜರ್ ಆದರೆ ಹಾಕಬಹುದು. ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಮೊದಲು ಮಾತಾಡಿಕೊಂಡು ಎಷ್ಟು ವೋಲ್ಟ್ ಅಂತ ತೀರ್ಮಾನ ಮಾಡುತ್ತವೆ. 65 ವ್ಯಾಟ್ ಬೇಡುವ ಮೆಷಿನ್‌ಗೆ 100 ವ್ಯಾಟ್ ಹಾಕಿದರೆ ಅಪಾಯ ಇಲ್ಲ, ಬೇಕಾದಷ್ಟೇ ಎಳೆದುಕೊಳ್ಳುತ್ತದೆ. 30 ವ್ಯಾಟ್ ಹಾಕಿದರೆ ನಿಧಾನ, ಜೋರು ಕೆಲಸ ಇದ್ದಾಗ ಚಾರ್ಜರ್ ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತದೆ.

ಊದಿಕೊಂಡಿದ್ದರೆ

ಟಚ್‌ಪ್ಯಾಡ್ ಗಟ್ಟಿಯಾಗಿದೆ, ಮುಚ್ಚಿದಾಗ ಸಂದಿ ಕಾಣುತ್ತದೆ, ಸಮ ಮೇಜಿನ ಮೇಲೆ ಅಲುಗಾಡುತ್ತದೆ, ಇವುಗಳಲ್ಲಿ ಯಾವುದಿದ್ದರೂ ನಾನು ಮಾಡಿದ ಹಾಗೆ ಡ್ರೈವರ್ ಹಿಂದೆ ಬೀಳಬೇಡಿ. ಎಲೆಕ್ಟ್ರೋಲೈಟ್ ಕೆಟ್ಟು ಗ್ಯಾಸ್ ಆಗಿ ಚೀಲದಂಥ ಸೆಲ್ ಒಳಗೆ ತುಂಬಿದೆ ಅಂತ ಅರ್ಥ. ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಮುಚ್ಚಳ ಒತ್ತಿ ಸರಿಮಾಡಲು ಹೋಗಬೇಡಿ. ಸೂಜಿಯಿಂದ ಚುಚ್ಚಿ ಗ್ಯಾಸ್ ಬಿಡಿಸುವ ವಿಡಿಯೊಗಳು ಇವೆ, ದಯವಿಟ್ಟು ಬೇಡ, ಚುಚ್ಚಿದ ಲಿಥಿಯಂ ಸೆಲ್‌ಗೆ ಬೆಂಕಿ ಹತ್ತಿಕೊಳ್ಳುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತು ಹತ್ತಿರ ಇಲ್ಲದ ಕಡೆ ಇಟ್ಟು, ರಿಪೇರಿ ಗೊತ್ತಿರುವವರ ಹತ್ತಿರ ತೆಗೆಸಿ. ತೆಗೆದದ್ದನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ನನ್ನದನ್ನು ಬಿಚ್ಚಿದಾಗ ಮೂರು ಸೆಲ್‌ಗಳಲ್ಲಿ ಎರಡು ದಿಂಬಿನ ಹಾಗೆ ಆಗಿದ್ದವು. ಪ್ರೊಸೆಸರ್ ಕಡೆ ಇದ್ದದ್ದೇ ಜಾಸ್ತಿ ಊದಿತ್ತು. ಹೊಸ ಬ್ಯಾಟರಿ ಕೂರಿಸಿ ತಳದ ಸ್ಕ್ರೂ ಬಿಗಿ ಮಾಡುವ ಮೊದಲೇ ಟಚ್‌ಪ್ಯಾಡ್ ಒತ್ತಿ ನೋಡಿದೆ, ಟಕ್ ಅಂತು.